ಕುದುರೆಯ ಕೌದಿ

ಸ್ಫೂರ್ತಿ, ಶಿವು, ಮೊಮ್ಮಕ್ಕಳೇ, ಇದು ನಿಮಗೆ. ಎದುರಿಗೆ ಕೂಡಿಸಿಕೊಂಡು ಹೇಳಬಹುದಿತ್ತು. ಆದರೆ ನಾನು ಹೇಳತೊಡಗಿದರೆ ನೀವು ಮೊಬೈಲಿನಿಂದ ಕಣ್ಣು ಕೀಳದೆ "ಹೂಂ ಆಯಿ, ಆಮ್ಯಾಲೆ?" ಎನ್ನುತ್ತೀರಿ. ಕೇಳುವವರಿಲ್ಲವೆಂದು ತಿಳಿದು ನಾನೂ ಒಲೆಯ ಮೇಲಿನ ಸಾರಿನ ನೆಪ ಮಾಡಿ ಎದ್ದು ಹೋಗುತ್ತೇನೆ. ಬರೆದರೆ ಆ ತೊಂದರೆಯಿಲ್ಲ, ಕಾಗದಕ್ಕೆ ಮೊಬೈಲಿಲ್ಲ. ಉಪ್ಪಿನಬೆಟಗೇರಿಯ ಕನ್ನಡ ಶಾಲೆಯಲ್ಲಿ ಆರನೆಯ ಇಯತ್ತೆಯ ತನಕ ಕಲಿತವಳು ನಾನು. ಏಳನೆಯದಕ್ಕೆ ಹೋಗುವಷ್ಟರಲ್ಲಿ ಹತ್ತಿ ಬಿಡಿಸುವ ಸುಗ್ಗಿ ಬಂತು, ಸುಗ್ಗಿ ಮುಗಿಯುವಷ್ಟರಲ್ಲಿ ವರ ಬಂದ. ಹಾಗಾಗಿ ಅಕ್ಷರ ದುಂಡಗಿದ್ದರೂ ಮಾತು ಅಲ್ಲಲ್ಲಿ ದಾರಿ ತಪ್ಪುತ್ತದೆ. ತಪ್ಪಿದಲ್ಲಿ ನೀವೇ ಕೈಹಿಡಿದು ನಡೆಸಿಕೊಳ್ಳಿರಿ.

ಒಂದು ಮನೆಯೆಂದರೆ ಅದರಲ್ಲಿ ಚಳಿಯಾಗುವವರು ಇರುತ್ತಾರೆ, ಯಾರಿಗೆ ಚಳಿಯಾಗುತ್ತಿದೆ ಎಂದು ಠರಾವು ಮಾಡುವವರೂ ಇರುತ್ತಾರೆ. ಠರಾವು ಮಾಡುವವರು ಸಾಮಾನ್ಯವಾಗಿ ಬೆಚ್ಚಗೆ ಕುಳಿತಿರುತ್ತಾರೆ. ಈ ಉಣಕಲ್ಲಿನ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಮೊದಲನೆಯವರ ಪೈಕಿ. ನಮ್ಮ ಮಾವನವರ ಕಾಲದಲ್ಲಿ ಹೆಂಗಸರು ಪಡಸಾಲೆಗೆ ಬಂದು ಮಾತಾಡುವಂತಿರಲಿಲ್ಲ. ಅಡಿಗೆಮನೆಯ ಬಾಗಿಲ ಚೌಕಟ್ಟಿನ ಹಿಂದೆ ನಿಂತು ಕೇಳಬೇಕು, ಬಳೆ ಸದ್ದು ಮಾಡಿ ಚಹಾ ತಯಾರಾಯಿತೆಂದು ತಿಳಿಸಬೇಕು. ಮಾವನವರು ಲಿಂಗೈಕ್ಯರಾಗಿ ಎಷ್ಟೋ ವರ್ಷವಾದರೂ ನನ್ನ ಕಾಲು ಆ ಹೊಸ್ತಿಲ ಹತ್ತಿರ ಬಂದ ಕೂಡಲೇ ತಾನಾಗಿ ನಿಲ್ಲುತ್ತದೆ. ಯಾರೂ ತಡೆದಿಲ್ಲ ಈಗ. ನಿಮ್ಮವ್ವನಂತೂ ಪಡಸಾಲೆಯ ಸೋಫಾದ ಮೇಲೆ ಕಾಲು ಮಡಚಿ ಕುಳಿತು, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಬ್ಯಾಂಕಿನವರನ್ನೆಲ್ಲ ಅಲ್ಲಿಂದಲೇ ಗದರಿಸುತ್ತಾಳೆ. ನನಗೆ ಅದು ನೋಡಲು ಚೆಂದ, ಮಾಡಲು ಬಾರದು. ಈ ನನ್ನ ಬಾಯಿಲ್ಲದ ಗುಣದಿಂದ ಒಂದು ಚಳಿಗಾಲದಲ್ಲಿ ನನ್ನ ಸೀರೆಗಳು ಹೋದವು, ಒಂದು ಮೂಕ ಜೀವವೂ ಹೋಗುವುದರಲ್ಲಿತ್ತು. ಅದನ್ನೇ ಹೇಳಬೇಕೆಂದಿದ್ದೇನೆ.

ಬೆಳ್ಳಿ ನಮ್ಮ ಮನೆಗೆ ಬಂದದ್ದು ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮ ಅಜ್ಜನಿಗೆ ಸಣ್ಣಂದಿನಿಂದ ಕುದುರೆಯ ಹುಚ್ಚು. ಮಾರುಕಟ್ಟೆಯಲ್ಲಿ ಹತ್ತಿ, ಕಡಲೆಯ ದಲಾಲಿ ಮಾಡಿ ಮಾಡಿ, ಅಂಗಡಿಯನ್ನು ನಿಮ್ಮಪ್ಪನ ಕೈಗೆ ಕೊಟ್ಟ ಮೇಲೆ, ಒಂದು ದಿನ ದಸ್ತಗೀರಸಾಬನ ಹತ್ತಿರದಿಂದ ಈ ಬಿಳಿ ಹೆಣ್ಣುಗುದುರೆಯನ್ನು ಹಿಡಿದುಕೊಂಡು ಬಂದರು. ದಸ್ತಗೀರಸಾಬನದು ಮದುವೆ ಮೆರವಣಿಗೆಗೆ ಕುದುರೆ ಕೊಡುವ ದಂಧೆ. ಬೆಳ್ಳಿ ಎಷ್ಟೋ ಮದುಮಕ್ಕಳನ್ನು ಹೊತ್ತವಳು. ಡಿಜೆ ಬಂದಮೇಲೆ ಅದರ ಸದ್ದಿಗೆ ಬೆದರಿ ಒಬ್ಬ ಮದುಮಗನನ್ನು ಬಾಸಿಂಗ ಸಹಿತ ಕೆಳಗೆ ಕೆಡವಿದಳಂತೆ. ಅಂಥ ಬುದ್ಧಿವಂತೆಗೆ ದಂಧೆಯಲ್ಲಿ ಜಾಗವಿಲ್ಲವೆಂದು ನಮ್ಮ ಮನೆಗೆ ಬಂದಳು. ನಿಮ್ಮ ಅಜ್ಜ ಅವಳ ಮೇಲೆ ಹತ್ತಿದ್ದನ್ನು ನಾನು ಕಾಣೆ. ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಸಿ ಕಟ್ಟಿದರು, ಹುಲ್ಲು ಹಾಕಿದರು, ಮೈ ತಿಕ್ಕಿದರು. ಸಂಜೆಗೆ ಸ್ಟೂಲು ಒಯ್ದು ಅವಳ ಮುಂದೆ ಕುಳಿತರೆಂದರೆ ಮಾತೇ ಮಾತು. ಹತ್ತಿಯ ಧಾರಣೆ, ತಮ್ಮನ ಹಟಮಾರಿತನ, ತಮ್ಮ ಮಂಡಿನೋವು, ಎಲ್ಲ. ಒಳಗೆ ಬಂದು ನನ್ನ ಮುಂದೆ ಊಟಕ್ಕೆ ಕೂಡುವಷ್ಟರಲ್ಲಿ ಮಾತು ತೀರಿರುತ್ತಿತ್ತು. "ರೊಟ್ಟಿ", "ಸಾಕು", ಇಷ್ಟು ಉಳಿದಿರುತ್ತಿದ್ದವು. ಅವೆರಡನ್ನೂ ನನಗೇ ಕೊಡುತ್ತಿದ್ದರು, ಅದಕ್ಕೆ ದೂರುವಂತಿಲ್ಲ.

ಮಳೆಗಾಲದಲ್ಲಿ ಅವರು ಹೋದರು. ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಮಾತನಾಡಿಸಲು ಬಂದ ಬೀಗರು ಬಿಜ್ಜರು ನನ್ನ ಮುಂದೆ ಕುಳಿತು ಕಣ್ಣೊರೆಸಿಕೊಂಡು, ಒಂದು ಗುಟುಕು ಚಹಾ ಕುಡಿದು, ದನಿ ಇಳಿಸಿ ಕೇಳಿದ್ದು ಒಂದೇ ಮಾತು: "ಕುದರಿ ಮೇಯಾಕತ್ತೈತೇನ್ರಿ?" ಮೇಯುತ್ತಿದೆಯೆಂದರೆ ನಿಟ್ಟುಸಿರು ಬಿಡುತ್ತಿದ್ದರು. "ಮೂಕ ಪ್ರಾಣಿರಿ ಪಾಪ, ಅದಕ್ಕೇನ್ ಹೇಳಾಕ ಬರತೈತಿ." ನಾನು ಮೇಯುತ್ತಿದ್ದೇನೆಯೇ ಎಂದು ಯಾರೂ ಕೇಳಲಿಲ್ಲ, ನಾನು ಮೂಕ ಪ್ರಾಣಿಯಲ್ಲವೆಂದು ಅವರ ತಿಳುವಳಿಕೆ. ಹಿತ್ತಲಿಗೆ ಹೋಗಿ ಬೆಳ್ಳಿಯ ಹಣೆ ಸವರಿ, "ಅಣ್ಣಾರ ಜೀವ ಇದರಾಗ ಐತಿ ನೋಡ್ರಿ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಹೀಗೆ ಹೇಳಿ ಹೇಳಿ ದೀಪಾವಳಿ ಬರುವಷ್ಟರಲ್ಲಿ ನಿಮ್ಮ ಅಜ್ಜ ಹಿತ್ತಲಲ್ಲಿ ಹುಲ್ಲು ತಿನ್ನುತ್ತಿದ್ದಾರೆಂಬುದು ಮನೆಯವರಿಗೆಲ್ಲ ಖಾತ್ರಿಯಾಯಿತು.

ಆಮೇಲೆ ಚಳಿ ಬಂತು. ನಮ್ಮ ಧಾರವಾಡ ಸೀಮೆಯ ಚಳಿಯೆಂದರೆ ಮಾತು ಕೊಟ್ಟು ತಪ್ಪುವ ನೆಂಟನಿದ್ದಂತೆ. ಬೆಳಗಿನ ಹೊತ್ತು ಹಲ್ಲು ಕಟಕಟಿಸುತ್ತದೆ, ಮಧ್ಯಾಹ್ನ ಕೊಡೆ ಹಿಡಿಯಬೇಕೆನ್ನಿಸುತ್ತದೆ, ಸಂಜೆಗೆ ಕೆರೆಯ ಕಡೆಯಿಂದ ಗಾಳಿ ಎದ್ದು ಮತ್ತೆ ಬಾಗಿಲು ಮುಚ್ಚಿಸುತ್ತದೆ. ಹಿತ್ತಲಿಗೆ ಹತ್ತಿಕೊಂಡು ಎದ್ದಿರುವ ಅಪಾರ್ಟಮೆಂಟಿನ ಮೂರನೆಯ ಅಂತಸ್ತಿನಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಮೈಸೂರು ಕಡೆಯವಳು. ಒಂದು ಬೆಳಿಗ್ಗೆ ಗ್ಯಾಲರಿಯಿಂದ ಬಗ್ಗಿ, "ಆಂಟೀ, ನಿಮ್ಮ ಕುದುರೆ ನಡುಗ್ತಾ ಇದೆ, ನೀವು ಏನೂ ಹೊದಿಸಲ್ವಾ?" ಎಂದಳು. ನಾನು ಎಂದಿನಂತೆ ಸೆರಗು ಸರಿಪಡಿಸಿಕೊಂಡು ನಕ್ಕೆ. ಬೆಳ್ಳಿ ನಡುಗುತ್ತಿರಲಿಲ್ಲ, ನೊಣ ಓಡಿಸಲು ಚರ್ಮ ಕೊಡವುತ್ತಿದ್ದಳು. ಆದರೆ ಅಷ್ಟು ಮಾತನ್ನು ಮೂರನೆಯ ಅಂತಸ್ತಿನವರೆಗೆ ಒಗೆಯುವ ಗಂಟಲು ನನಗಿಲ್ಲ. ಸಂಜೆಗೆ ಅವಳು ಅದನ್ನು ಬಡಾವಣೆಯವರ ವಾಟ್ಸಾಪಿಗೆ ಹಾಕಿದಳು, ಫೋಟೋ ಸಹಿತ. ಫೋಟೋದಲ್ಲಿ ಹಿಂದೆ ನಾನೂ ಇದ್ದೆನಂತೆ, ಬರಿಗಾಲಲ್ಲಿ, ತೆಳು ಸೀರೆಯಲ್ಲಿ, ಮೈ ಮುದುರಿಕೊಂಡು. ಎಲ್ಲರೂ ಕುದುರೆಗೆ ಅಳುಮುಖ ಕಳಿಸಿದ್ದರು.

ಆ ಸಂಜೆ ಪಡಸಾಲೆಯಲ್ಲಿ ಸಭೆ ಕೂಡಿತು. ಸಭೆಯಲ್ಲಿ ನಿಮ್ಮಪ್ಪ, ನಿಮ್ಮವ್ವ, ಮುಗದ ಹಳ್ಳಿಯಿಂದ ಬಂದು ನಮ್ಮಲ್ಲೇ ಠಿಕಾಣಿ ಹೂಡಿದ್ದ ನಿಮ್ಮ ಸಣ್ಣಜ್ಜ ಶಂಕ್ರಪ್ಪ. ಅವರು ನಿಮ್ಮ ಅಜ್ಜನ ತಮ್ಮ, ನನ್ನನ್ನು ವೈನಿ ಎನ್ನುವ ಮೈದುನ, ನಿಮಗೆ ಗೊತ್ತೇ ಇದೆ. ಅಣ್ಣ ಬದುಕಿದ್ದಾಗ ಅವನ ಒಂದು ಮಾತನ್ನೂ ಕೇಳದವರು. ಸತ್ತ ಮೇಲೆ ಅಣ್ಣನ ಮಾತಿಗೆ ಅವರೇ ವಕೀಲರು. ನಾನು ಚೌಕಟ್ಟಿನ ಹಿಂದೆ.

"ಅಣ್ಣಾ ಸಂಜಿ ಆತಂದ್ರ ಕಂಬಳಿ ಹೊಚ್ಚತಿದ್ದ. ಮುಗೀತು. ಇದರಾಗ ವಿಚಾರ ಮಾಡೋದೇನೈತಿ?" ಎಂದರು ಸಣ್ಣಜ್ಜ.

"ದಿನಾ ಹೊಚ್ಚತಿರಲಿಲ್ಲ ಕಾಕಾ," ಎಂದ ನಿಮ್ಮಪ್ಪ. "ಒಮ್ಮೊಮ್ಮೆ ಹೊಚ್ಚತಿದ್ದ, ಒಮ್ಮೊಮ್ಮೆ ಇಲ್ಲ. ಅದಕ್ಕ ಒಂದ್ ಸಿಸ್ಟಮ್ ಇರಬೇಕು. ಮೊಬೈಲ್‌ನ್ಯಾಗ ನೋಡೇನಿ ನಾ. ಫಾರಿನ್‌ನ್ಯಾಗ ಡಿಗ್ರಿ ನೋಡಿ ಹೊಚ್ಚತಾರ. ಇಂತಿಷ್ಟ್ ಡಿಗ್ರಿಗೆ ತೆಳ್ಳಂದು, ಇಂತಿಷ್ಟಕ್ಕ ದಪ್ಪಂದು."

"ಫಾರಿನ್ ಕುದರಿ ಬ್ರೆಡ್ ತಿಂತಾವ. ನಮ್ಮದು ಜ್ವಾಳದ ಕಣಕಿ ತಿಂತೈತಿ."

"ವಾದಾ ಯಾಕ್ರಿ?" ಎಂದಳು ನಿಮ್ಮವ್ವ. "ಅತ್ತ್ಯಾರನ್ನ ಕೇಳೋಣು. ಮಾವ್ನಾರು ಹೊಚ್ಚೋದನ್ನ ಅವರು ದಿನಾ ನೋಡ್ಯಾರ."

ಮೂವರೂ ಅಡಿಗೆಮನೆಯ ಕಡೆ ತಿರುಗಿದರು. ಖರೆ ಹೇಳುತ್ತೇನೆ, ನನಗೆ ಗೊತ್ತಿರಲಿಲ್ಲ. ಕಿಟಕಿಯಿಂದ ನನಗೆ ಕಾಣುತ್ತಿದ್ದದ್ದು ಅವರ ಬೆನ್ನು. ಕುದುರೆಯ ಕತ್ತಿನ ಕೂದಲಿನ ಕೆಳಗೆ ಕೈ ತೂರಿಸಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು; ಆಮೇಲೆ ಒಂದು ದಿನ ಕಂಬಳಿ ಹೊದಿಸುತ್ತಿದ್ದರು, ಒಂದು ದಿನ ಗೂಟಕ್ಕೆ ಹಾಕಿ ಬರುತ್ತಿದ್ದರು. ಅದರ ಲೆಕ್ಕಾಚಾರವನ್ನು ನನಗೆ ಹೇಳಿದವರಲ್ಲ, ಅವರಿಗೇ ಗೊತ್ತಿತ್ತೋ ಇಲ್ಲವೋ. ಇಷ್ಟನ್ನಾದರೂ ಹೇಳಬಹುದಿತ್ತು. "ಕೈ ಇಟ್ಟು ನೋಡ್ತಿದ್ರು" ಎಂಬ ಮೂರು ಮಾತು. ಗಂಟಲ ತನಕ ಬಂದವು. ಅಷ್ಟರಲ್ಲಿ ಸಣ್ಣಜ್ಜ, "ವೈನಿಗೇನ್ ಗೊತ್ತಿರತೈತ್ರಿ, ಅವ್ರು ಒಲಿ ಬಿಟ್ಟ್ ಹೊರಗ ಬಂದವರೇನ?" ಎಂದರು. ನಾನು ಚಹಾ ಸೋಸಲು ಹೋದೆ.

ನಿಮ್ಮಪ್ಪ ಮೊಬೈಲಿನಲ್ಲಿ ಕುದುರೆಯ ಜಾಕೀಟು ತರಿಸಿದ. ಕಡುನೀಲಿ ಬಣ್ಣ, ಒಳಗೆ ಅರಿವೆ, ಹೊರಗೆ ಪ್ಲಾಸ್ಟಿಕ್ಕು, ಎದೆಗೊಂದು ಬಕಲು, ಹೊಟ್ಟೆಯ ಕೆಳಗೆ ಕತ್ತರಿಯಾಗಿ ಹಾಯುವ ಎರಡು ಪಟ್ಟಿ, ಬಾಲದ ಬುಡಕ್ಕೆ ಒಂದು ಹಗ್ಗ. ಅದನ್ನು ತೊಡಿಸುವ ದಿನ ಜಾತಕ ನೋಡುವಂತೆ ನಿಮ್ಮಪ್ಪ ಹಾಳೆಯ ಮೇಲಿನ ಚಿತ್ರ ನೋಡುತ್ತಿದ್ದ. "ಕಾಕಾ, ಇದು ಮುಂದಿಂದು." "ಮುಂದಿಂದಲ್ಲೋ, ಅದರಾಗ ಬಾಲ ಬರತೈತಿ." "ಬಾಲಕ್ಕ ಬಕಲ್ ಯಾಕ?" "ಫಾರಿನ್ ಬಾಲ ಇರಬೇಕ ನೋಡು." ಅಂತೂ ಮೈಮೇಲೆ ಎಳೆದರು. ಅದು ಯಾವುದೋ ಆನೆಯಂಥ ವಿಲಾಯತಿ ಕುದುರೆಯ ಅಳತೆಯದು. ನಮ್ಮ ಬೆಳ್ಳಿ ಸಣ್ಣ ಜೀವ. ಮೊಣಕಾಲ ತನಕ ಇಳಿಬಿದ್ದು, ಮಾಮನ ಕೋಟು ತೊಟ್ಟು ಶಾಲೆಗೆ ಹೊರಟ ಹುಡುಗಿಯ ಹಾಗೆ ಕಂಡಳು. ಎರಡು ಹೆಜ್ಜೆ ಇಟ್ಟಳು, ಪಟ್ಟಿ ಕಾಲಿಗೆ ಸಿಕ್ಕಿತು, ಕೂಡಲೇ ಮದುಮಗನನ್ನು ಕೆಡವಿದ ಹಳೆಯ ವಿದ್ಯೆ ನೆನಪಾಗಿ ಒಮ್ಮೆ ಹಿಂಗಾಲು ಝಾಡಿಸಿದಳು. ಸಣ್ಣಜ್ಜ ಹುಲ್ಲಿನ ಬಣವೆಯಲ್ಲಿ ಹೋಗಿ ಕುಳಿತರು. ಜಾಕೀಟನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಕಂಪನಿಯವರು ತಿಳಿಸಿದರು. ಅದು ಈಗ ನಿಮ್ಮಪ್ಪನ ಮೋಟಾರ್ ಸೈಕಲ್ಲಿನ ಮೇಲಿದೆ, ಅದಕ್ಕೆ ಚೆನ್ನಾಗಿ ಒಪ್ಪಿದೆ.

ಆಮೇಲೆ ದಸ್ತಗೀರಸಾಬನನ್ನು ಕರೆಸಿದರು. ಅವನು ಕಟ್ಟೆಯ ಮೇಲೆ ಕುಳಿತು, ಎರಡು ಕಪ್ಪು ಚಹಾ ಕುಡಿದು, ಕುದುರೆಯ ಸುತ್ತ ಒಂದು ಸುತ್ತು ಬಂದು ಹೇಳಿದ: "ಸಾವ್ಕಾರ, ನಮ್ಮ ಕಡೆ ಹವಾಕ್ಕ ಕುದರಿಗೆ ಏನೂ ಹೊಚ್ಚಬಾರ್ದ್ರಿ. ಚಳಿ ಬಂದ್ರ ಅದು ತನ್ನ ಕೂದಲಾ ತಾನ ಬೆಳಸ್ತೈತಿ."

"ಮತ್ತ ನಿಮ್ಮ ಕುದರಿಗೋಳಿಗೆ ಮೊನ್ನೆ ಜರಿ ಜೂಲು ಹೊಚ್ಚೀರಲ್ಲಾ?" ಎಂದಳು ನಿಮ್ಮವ್ವ.

"ಅದು ಚಳೀಗಲ್ರಿ ಬಾಯಾರ, ಬಾಡಗಿಗೆ."

"ಹಂಗಾರ ಗಾಳಿ ಬಿಟ್ರ?"

"ಗಾಳಿ ಬಿಟ್ರ ಹೊಚ್ಚಲಿಕ್ಕ ಬೇಕ್ರಿ."

"ದಿನಾ ಗಾಳಿ ಬಿಡತೈತಲ್ಲಪಾ!"

"ಹಂಗಾರ ದಿನಾ ಹೊಚ್ಚ್ರಿ. ಯಾರ್ ಬ್ಯಾಡಂದ್ರು?" ಎಂದು ಹೇಳಿ, ಚಹಾದ ಬಸಿಯನ್ನು ಮಗುಚಿಟ್ಟು ಹೋದ.

ನಿಮ್ಮ ಅಜ್ಜನ ಕಂಬಳಿಯನ್ನು ಇಲಿ ಕಡಿದಿತ್ತು, ಜಾಕೀಟು ಮೋಟಾರ್ ಸೈಕಲ್ಲಿನದಾಗಿತ್ತು. ಆಗ ನಿಮ್ಮವ್ವನಿಗೆ ಹಳೆಯ ಸೀರೆಗಳ ಕೌದಿ ಹೊಳೆಯಿತು. ನಿಮ್ಮವ್ವ ಕೆಟ್ಟವಳಲ್ಲ, ಹಾಗೆ ತಿಳಿಯಬೇಡಿರಿ. ಚುರುಕು. ಚುರುಕಾದವರಿಗೆ ಮನೆಯಲ್ಲಿ ಸುಮ್ಮನೆ ಬಿದ್ದದ್ದು ಕಂಡರೆ ಕೈ ತಡೆಯುವುದಿಲ್ಲ. ನನ್ನ ಕೋಣೆಗೆ ಬಂದು ಟ್ರಂಕಿನ ಮೇಲೆ ಕುಳಿತಳು.

"ಅತ್ತೀ, ಇದರಾಗಿನ ಸೀರಿ ಹ್ಯಾಂಗೂ ನೀವು ಉಡಂಗಿಲ್ಲಲ್ರಿ?"

ಟ್ರಂಕಿನಲ್ಲಿ ನನ್ನ ಇಳಕಲ್ ಸೀರೆಗಳಿದ್ದವು. ನನ್ನ ಒಡಹುಟ್ಟಿದ ಅಣ್ಣ ಪ್ರತಿ ಪಂಚಮಿಗೆ ತವರಿಗೆ ಕರೆದೊಯ್ದು ಉಡಿಸಿ ಕಳಿಸಿದವು. ಒಂದು ಹಸಿರು ಒಡಲು, ಕೆಂಪು ಸೆರಗಿನದು. ಅದನ್ನುಟ್ಟು ಜೋಕಾಲಿ ಜೀಕಿದ್ದೇನೆ. ಇನ್ನೊಂದು ದಾಳಿಂಬೆ ಬಣ್ಣದ್ದು, ನಿಮ್ಮಪ್ಪ ಹೊಟ್ಟೆಯಲ್ಲಿದ್ದಾಗಿನದು. ನಿಮ್ಮ ಅಜ್ಜ ಹೋದ ಮೇಲೆ ಅಣ್ಣ ತಂದದ್ದು ಬೂದಿ ಬಣ್ಣದ ಸೀರೆ. ಆ ದಿನ ಟ್ರಂಕಿಗೆ ಬೀಗ ಹಾಕಿದ್ದೆ. ಉಡುವುದಿಲ್ಲ ನಿಜ. ಉಡಬಾರದೆಂದು ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ, ಉಡಿರಿ ಎಂದೂ ಹೇಳಲಿಲ್ಲ. ಆದರೆ ಒಮ್ಮೊಮ್ಮೆ ಬಾಗಿಲು ಹಾಕಿಕೊಂಡು ತೆಗೆದು, ಮಡಿಕೆ ಬದಲಿಸಿ, ಮತ್ತೆ ಇಡುತ್ತಿದ್ದೆ. ಮಡಿಕೆ ಬದಲಿಸದಿದ್ದರೆ ಇಳಕಲ್ ಸೀರೆ ಗೆರೆಗೆರೆಯಾಗಿ ಸೀಳುತ್ತದೆ. ಇದನ್ನು ಹೇಳಬೇಕಿತ್ತು. ಇವು ನನಗೆ ಬೇಕವ್ವಾ ಎನ್ನಬೇಕಿತ್ತು. ನಾನು ಅಂದದ್ದು, "ಹೂಂ."

"ಸುಮ್ನ ಹುಳ ತಿನ್ನೋ ಬದ್ಲಿ ಮಾವ್ನಾರ ಕುದರಿಗೆ ಆಗಲಿ. ಅವರಿಗೂ ಸಮಾಧಾನ ಅನಸ್ತೈತಿ," ಎಂದಳು. ಸತ್ತವರಿಗೆ ಏನೇನು ಸಮಾಧಾನವೆನಿಸುತ್ತದೆಂದು ಬದುಕಿದವರಿಗೆ ಎಷ್ಟು ಖಚಿತವಾಗಿ ಗೊತ್ತಿರುತ್ತದೆ ನೋಡಿರಿ.

ಕೌದಿ ಹೊಲಿಯುವ ಹೆಂಗಸರು ಅಂಗಳದಲ್ಲಿ ಕುಳಿತರು. ಸೀರೆಗಳನ್ನು ಹರಿದು, ಒಂದರ ಮೇಲೊಂದು ಪದರು ಹಾಸಿ, ದಾರ ಹಾಕುತ್ತ ಹೋದರು. ಇಳಕಲ್ ಸೀರೆ ಹರಿಯುವಾಗ ಚರ್ ಎಂದು ಒಂದು ಸದ್ದು ಬರುತ್ತದೆ. ನಾನು ಒಳಗೆ ಒಗ್ಗರಣೆ ಹಾಕಿ ಅದಕ್ಕಿಂತ ದೊಡ್ಡ ಸದ್ದು ಮಾಡಿಕೊಂಡೆ. ಕೌದಿ ಮುಗಿದ ದಿನ ಸಿಹಿ ಅಡಿಗೆ ಮಾಡಿ ಅದರ ಮೂಲೆಗೆ ಎಡೆ ಹಿಡಿಯುವುದು ನಮ್ಮ ಮನೆಯ ರೂಢಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬಾರದಂತೆ. ಆದ್ದರಿಂದ ನನ್ನ ಸೀರೆಗಳಿಗೆ ನಾನೇ ಹೋಳಿಗೆ ಮಾಡಿದೆ. ಹೂರಣ ಚೆನ್ನಾಗಿ ಬಂದಿತ್ತು. ಸಣ್ಣಜ್ಜ ನಾಲ್ಕು ತಿಂದು, "ವೈನಿ, ನಿಮ್ಮ ಕೈ ಹೋಳಗಿ ಅಂದ್ರ ಹೋಳಗಿ" ಎಂದು ಹೊಗಳಿದರು. ಒಂದು ಹೋಳಿಗೆ ಬೆಳ್ಳಿಗೂ ಹೋಯಿತು.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಎದುರಿಗೆ ನಾನೇ ನಿಂತಿದ್ದೆ. ಎದೆಯ ಮೇಲೆ ಹಸಿರು, ಪಕ್ಕೆಗೆ ದಾಳಿಂಬೆ, ಬಾಲದ ಹತ್ತಿರ ಸೆರಗಿನ ಕೆಂಪು ತೆನೆಯ ನೇಯ್ಗೆ. ಎರಡು ಕಾಲು ಹೆಚ್ಚಿಗೆ ಇದ್ದದ್ದು ಬಿಟ್ಟರೆ ಪಂಚಮಿಗೆ ತವರಿಗೆ ಹೊರಟ ನಾನೇ. ಮೂರನೆಯ ಅಂತಸ್ತಿನವಳು "ವಾವ್ ಆಂಟೀ, ಎಷ್ಟು ಕಲರ್‌ಫುಲ್ ಆಗಿದೆ!" ಎಂದು ಫೋಟೋ ಹಿಡಿದಳು. ಈ ಸಲ ವಾಟ್ಸಾಪಿನಲ್ಲಿ ಹೂವುಗಳು ಬಂದವಂತೆ. ಬೆಳ್ಳಿಗೆ ಅದರ ಅಭಿಮಾನವೇನೂ ಇರಲಿಲ್ಲ. ಮಲಗಿದಾಗ ಲದ್ದಿಯಲ್ಲಿ ಹೊರಳಿದಳು, ಗೋಡೆಗೆ ತಿಕ್ಕಿದಳು, ಎದೆಯ ಮೇಲಿನ ಹಸಿರನ್ನು ಬಾಯಿಗೆ ಸಿಕ್ಕಷ್ಟು ಜಗಿದಳು. ದಿನಾ ಒಂದು ಕಡೆ ದಾರ ಬಿಚ್ಚುತ್ತಿತ್ತು, ನನಗೆ ದಿನಾ ಒಂದು ಕಡೆ ಚುಚ್ಚುತ್ತಿತ್ತು. ಸಂಜೆಗೆ ಹೊದಿಸುವ ಪಾಳಿ ಸಣ್ಣಜ್ಜನದು. ಬೆಳಿಗ್ಗೆ ತೆಗೆಯುವ ಪಾಳಿ ಯಾರದೆಂದು ಸಭೆಯಲ್ಲಿ ಠರಾವಾಗಿರಲಿಲ್ಲ. ಹಾಗಾಗಿ ಬಿಸಿಲು ನೆತ್ತಿಗೆ ಬರುವ ತನಕ ಅದು ಮೈಮೇಲೆಯೇ ಇರುತ್ತಿತ್ತು, ಒಳಗೆ ಬೆಳ್ಳಿ ಬೆವರುತ್ತಿದ್ದಳು. ಒಮ್ಮೆ ನಾನೇ ಹೋಗಿ ತೆಗೆದೆ. "ಯಾರ್ ತಗದ್ರು? ಕೇಳೋದಿಲ್ಲ ಬಿಡೋದಿಲ್ಲ!" ಎಂದು ಸಣ್ಣಜ್ಜ ಹಿತ್ತಲಲ್ಲಿ ಕೂಗಾಡಿದರು. ಆಮೇಲೆ ನಾನು ಆ ಕಡೆ ಹೋಗಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ಕಡುಬು, ಭರ್ತ, ಪುಂಡಿಪಲ್ಯ ಉಂಡು ಎಲ್ಲರೂ ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಗ ಸಣ್ಣಜ್ಜನಿಗೆ ನೆನಪಾಯಿತು: "ಅಮಾಸಿಗೆ ಅಣ್ಣಾ ಕುದರಿ ಮೈ ತೊಳೀತಿದ್ದ. ಅವ ಹೋದ ವರ್ಷಾನ ತಪ್ಪಸಬಾರ್ದು." ತೊಳೆಯುತ್ತಿದ್ದರು, ನಿಜ. ಮಧ್ಯಾಹ್ನದ ಬಿಸಿಲಲ್ಲಿ ತೊಳೆಯುತ್ತಿದ್ದರು. ಅದಕ್ಕೆಂದೇ ಹಬ್ಬದ ಊಟಕ್ಕೆ ತಡವಾಗುತ್ತಿತ್ತು, ನಾನು ಕಾಯುತ್ತಿದ್ದೆ. ಈಗ ಕತ್ತಲಲ್ಲಿ ಬೋರಿನ ತಣ್ಣೀರನ್ನು ಪೈಪು ಹಿಡಿದು ಬಿಟ್ಟರು. ಹಣೆಗೆ ವಿಭೂತಿ ಹಚ್ಚಿದರು, ಆರತಿ ಬೆಳಗಿದರು. ಆರತಿಗೆ ಬರಿಮೈ ಚೆನ್ನಾಗಿ ಕಾಣದೆಂದು ತೊಯ್ದ ಮೈಮೇಲೆಯೇ ಕೌದಿ ಹೊದಿಸಿ, ಜಾರದಂತೆ ಹಗ್ಗದಿಂದ ಬಿಗಿದರು. ನಾನು ಹಿತ್ತಲ ಬಾಗಿಲಲ್ಲಿ ಆರತಿಯ ತಟ್ಟೆ ಹಿಡಿದು ನಿಂತಿದ್ದೆ. "ಮೈ ಹಸಿ ಐತಲ್ಲಾ" ಎಂದೆ. ದೀಪ ಕೇಳಿಸಿಕೊಂಡಿತು.

ಕೌದಿಯೆಂದರೆ ಅರಳೆಯ ಅರಿವೆ, ಪದರಿನ ಮೇಲೆ ಪದರು. ಒಮ್ಮೆ ನೀರು ಕುಡಿದರೆ ಎರಡು ಆಳು ಹಿಂಡಬೇಕು. ಬೆಳಗಾಗುವಷ್ಟರಲ್ಲಿ ಬೆಳ್ಳಿ ತಲೆ ಇಳಿಬಿಟ್ಟು ನಿಂತಿದ್ದಳು. ಮೂಗಿನಿಂದ ನೀರು, ಕೆಮ್ಮು, ಮೈ ಕಾದ ಹೆಂಚು. ಹುಲ್ಲು ಮೂಸಲಿಲ್ಲ, ಬೆಲ್ಲ ಮೂಸಲಿಲ್ಲ. ಈ ಸಲ ನಿಜವಾಗಿಯೂ ನಡುಗುತ್ತಿದ್ದಳು. ಶಿವು, ನೀನು ಆ ದಿನ ಶಾಲೆಗೆ ಹೋಗುವುದಿಲ್ಲವೆಂದು ನೆಲಕ್ಕೆ ಬಿದ್ದು ಅತ್ತದ್ದು ನೆನಪಿದೆಯೋ ಇಲ್ಲವೋ. ನಿಮ್ಮಪ್ಪನ ಮುಖ ನಿಮ್ಮ ಅಜ್ಜನನ್ನು ಎತ್ತುವ ದಿನ ಹೇಗಿತ್ತೋ ಹಾಗಾಗಿತ್ತು.

ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಗೋಕಾಕ ಕಡೆಯ ಮಾತು. ಕೌದಿ ತೆಗೆಸಿದರು. ಹೆಗಲ ಮೇಲೆ ಹಗ್ಗ ತಿಕ್ಕಿ ಚರ್ಮ ಸುಲಿದಿತ್ತು. ಸೂಜಿ ಹಾಕಿದರು, ಗೋಣಿಚೀಲದಿಂದ ಮೈ ತಿಕ್ಕಿಸಿ ಒಣಗಿಸಿದರು. ಆಮೇಲೆ ಕೈ ತೊಳೆದುಕೊಳ್ಳುತ್ತ ಕೇಳಿದರು:

"ಹಸಿ ಮೈಮ್ಯಾಲೆ ಹೊಚ್ಚೀದವ್ರು ಯಾರು?"

ಸಣ್ಣಜ್ಜ ಅಣ್ಣನ ಹೆಸರು ಹೇಳಿದರು.

"ಅವ್ರೆಲ್ಲಿ? ಕರೀರಿ."

"ತೀರಿಕೊಂಡಾರ್ರಿ."

ಡಾಕ್ಟರು ಸಣ್ಣಜ್ಜನ ಮುಖವನ್ನು ಒಂದು ಗಳಿಗೆ ನೋಡಿದರು. "ಹಂಗಾರ ಬದುಕಿದವ್ರು ಕೇಳ್ರಿ. ಕುದರಿ ಒಣಾ ಇದ್ದಾಗ ಹೊಚ್ಚ್ರಿ. ಗಾಳಿ ಮಳಿ ಇದ್ದಾಗ ಹೊಚ್ಚ್ರಿ. ಬಿಸಲ ಏರಿದ ಕೂಡ್ಲೆ ತಗೀರಿ. ಹೊಚ್ಚೂಕಿಂತ ಮೊದಲ ಕೈ ಇಟ್ಟ ನೋಡ್ರಿ, ಕಿವಿ ಅಲ್ಲ, ಹೆಗಲ ಸಂದಿ. ಬೆಚ್ಚಗಿದ್ರ ಸುಮ್ಮನ ಬಿಡ್ರಿ. ದಿನಾ ಒಂದ ಕೈ ನೋಡಬೇಕು. ನಾಕ ಕೈ ಬ್ಯಾಡ. ಯಾರ್ ನೋಡ್ತೀರಿ?"

ಇಷ್ಟು ದಿನ ಕುದುರೆಯ ಚಳಿಯ ಬಗ್ಗೆ ಅಷ್ಟು ಮಾತಾಡಿದ ಮನೆಯವರಿಗೆ ಒಮ್ಮೆಲೇ ಕೈತುಂಬ ಕೆಲಸ ಬಂತು. ನಿಮ್ಮಪ್ಪನಿಗೆ ಮುಂಜಾನೆ ಅಂಗಡಿ. ನಿಮ್ಮವ್ವನಿಗೆ ನಿಮ್ಮ ಡಬ್ಬಿ, ಆಮೇಲೆ ಬ್ಯಾಂಕು. ಸಣ್ಣಜ್ಜನಿಗೆ ಮುಗದದಲ್ಲಿ ಏನೋ ತುರ್ತು ಕೆಲಸವಿದ್ದದ್ದು ಆಗಲೇ ನೆನಪಾಯಿತು. ಬೆಳ್ಳಿ ಕೆಮ್ಮಿದಳು. ನನ್ನ ಸೀರೆ ನೆಲದ ಮೇಲೆ ಕೆಸರಿನಲ್ಲಿ ಮುದ್ದೆಯಾಗಿ ಬಿದ್ದಿತ್ತು. ಅದನ್ನು ನೋಡುತ್ತಿದ್ದಂತೆ, ನನಗೆ ತಿಳಿಯದೆಯೇ, ಬಾಗಿಲಿನಿಂದ ಹೊರಗೆ ಕಾಲಿಟ್ಟೆ.

"ನಾ ನೋಡ್ತೇನಿ," ಎಂದೆ. ಎಲ್ಲರೂ ಅಪಾರ್ಟಮೆಂಟಿನ ಕಡೆ ನೋಡಿದರು, ದನಿ ಅಲ್ಲಿಂದ ಬಂದಿತೆಂದು. "ನಾ ನೋಡ್ತೇನಿ. ಹೊಚ್ಚೋದು ತಗ್ಯೋದು ನನ್ನ ಮ್ಯಾಲೆ ಬಿಡ್ರಿ. ನಡುವ ಯಾರೂ ಬಾಯಿ ಹಾಕಬ್ಯಾಡ್ರಿ. ಕುದರಿಗೆ ಬ್ಯಾರೆ ಕಂಬಳಿ ತರ್ರಿ. ಈ ಕೌದಿ ನನಗ ಬೇಕು."

"ಅಯ್ಯ ಅತ್ತೀ, ಅದು ಕುದರೀದರೀ!" ಎಂದಳು ನಿಮ್ಮವ್ವ. "ಹೊಲಸ ನಾರತೈತಿ. ನಿಮಗ ಹೊಸಾ ರಗ್ ತಂದ ಕೊಡ್ತೇವಲ್ಲ."

"ನಾರಲಿ," ಎಂದೆ. "ಅದರಾಗಿನ ಸೀರಿ ನನ್ನವು. ಕೇಳಿದಾಗ ಹೂಂ ಅಂದಿದ್ದು ಖರೇ. ಮನಸಿಲ್ಲದ ಅಂದಿದ್ದೆ."

ನಿಮ್ಮವ್ವನ ಮುಖ ಸಣ್ಣದಾಯಿತು. "ಆಗ ಒಂದ ಮಾತ ಹೇಳಬಾರ್ದಾಗಿತ್ತೇನ್ರಿ?" ಎಂದಳು, ಮೆಲ್ಲಗೆ. ಆ ಪ್ರಶ್ನೆಗೆ ಉತ್ತರ ಬರೆಯಲು ಹೋದರೆ ಇಷ್ಟು ಹಾಳೆ ಸಾಲುವುದಿಲ್ಲ. ಡಾಕ್ಟರು ನಕ್ಕು, "ಅಮ್ಮಾರು ನೋಡ್ತಾರಂತ, ಮುಗೀತು" ಎಂದು ಚೀಲ ಮುಚ್ಚಿದರು.

ಬೆಳ್ಳಿ ಬದುಕಿದಳು. ಆದರೆ ನನ್ನ ಮಾತನ್ನು ಮನೆಯವರು ಎಷ್ಟು ಬೇಗ ಒಪ್ಪಿದರೆಂದರೆ ನನಗೆ ಸಂಶಯ ಬಂತು. ಒಬ್ಬರಾದರೂ ಬೇಡವೆನ್ನಲಿಲ್ಲ. ಇಷ್ಟು ವರ್ಷ ಬಾಯಿ ಕಟ್ಟಿಕೊಂಡು, ಕಡೆಗೊಮ್ಮೆ ಬಿಚ್ಚಿ ನಾನು ಗೆದ್ದದ್ದೇನೆಂದರೆ, ಕೋಳಿ ಕೂಗುವ ಹೊತ್ತಿಗೆ ಏಳುವುದು, ಹಿತ್ತಲಿಗೆ ಹೋಗಿ ಕುದುರೆಯ ಹೆಗಲ ಸಂದಿಗೆ ಕೈ ತೂರಿಸುವುದು, ಲದ್ದಿ ಬಳಿಯುವುದು. ಅಧಿಕಾರವೆಂದರೆ ಇದೇ ಇದ್ದೀತು, ಮೊದಲು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಸುಖವಿದೆ. "ಇವತ್ತ ಹೊಚ್ಚೂದು ಬ್ಯಾಡ" ಎಂದರೆ ಬೇಡ. ಸಣ್ಣಜ್ಜ ಊರಿಂದ ಬಂದಾಗ ಹಿತ್ತಲ ಬಾಗಿಲಲ್ಲಿ ನಿಂತು, "ವೈನಿ, ಇವತ್ತ ಹೊಚ್ಚತೀರೇನ್ರಿ?" ಎಂದು ಕೇಳಿ, ನಾನು ತಲೆಯಾಡಿಸುವ ತನಕ ಕಾಯುತ್ತಾರೆ. ನಾನು ಬೇಕೆಂದೇ ಸ್ವಲ್ಪ ತಡವಾಗಿ ಆಡಿಸುತ್ತೇನೆ.

ಕೌದಿಯನ್ನು ಕೆರೆದಂಡೆಯ ಅಗಸರು ಎರಡು ಸಲ ಒಗೆದರು. ಕುದುರೆ ಜಗಿದ ಹಸಿರು ಮರಳಿ ಬರುವುದೇ? ಉಳಿದದ್ದನ್ನು ನಾನೇ ದಾರ ಹಾಕಿ ಕೂಡಿಸಿದ್ದೇನೆ. ರಾತ್ರಿ ಹೊದೆಯುತ್ತೇನೆ. ಮಳೆಯ ದಿನ ಬೆಳ್ಳಿಯ ವಾಸನೆ ಬರುತ್ತದೆ. ಸ್ಫೂರ್ತಿ, ನೀನು ಒಂದು ದಿನ ನನ್ನ ಮಗ್ಗುಲಲ್ಲಿ ಮಲಗಲು ಬಂದು, "ಆಯಿ, ಕುದರಿದು ಯಾಕ ಹೊತ್ಕೊಂಡಿ?" ಎಂದು ಮೂಗು ಹಿಡಿದುಕೊಂಡು ಓಡಿಹೋದೆ. ಆಗ ಹೇಳಲಾಗಲಿಲ್ಲ. ಈಗ ತಿಳಿಯಿತಲ್ಲ, ಅದು ಯಾರದೆಂದು.

ಮೊನ್ನೆಯ ಮಾತು ಒಂದು ಉಳಿದಿದೆ. ಬೆಳಿಗ್ಗೆ ಬೆಳ್ಳಿಯ ಕಂಬಳಿ ತೆಗೆದು ಕೊಡವುತ್ತಿದ್ದೆ. ಕೆರೆಯ ಕಡೆಯಿಂದ ಗಾಳಿ, ನನ್ನ ಹಲ್ಲು ತಾಳ ಹಾಕುತ್ತಿದ್ದವು. ನಿಮ್ಮವ್ವ ಹಲ್ಲುಜ್ಜುತ್ತ ಹಿತ್ತಲಿಗೆ ಬಂದವಳು ನನ್ನ ಕೈ ಹಿಡಿದು ನೋಡಿದಳು. "ಅಯ್ಯ ಶಿವನ, ಕೈ ಬರ್ಫ ಆಗ್ಯಾವಲ್ರಿ! ಅತ್ತೀ, ನಿಮಗ ಚಳಿ ಆಗಂಗಿಲ್ಲೇನ್ರಿ? ಇವತ್ತ ಸಂಜಿಗೆ ಪ್ಯಾಟಿಗೆ ಹೊಂಟೇನಿ, ಒಂದ ಉಣ್ಣಿ ಶಾಲು ತರಲೇನ್ರಿ?" ಕಣ್ಣಲ್ಲಿ ಕಣ್ಣಿಟ್ಟು, ಉತ್ತರಕ್ಕೆ ಕಾಯುತ್ತ ಕೇಳಿದಳು. ಒಂದು "ಹೂಂ" ಎಂದರೆ ಸಾಕಿತ್ತು. ಬೇಡವಾದಾಗೆಲ್ಲ ಅಷ್ಟು ಸಲೀಸಾಗಿ ಹೊರಡುತ್ತಿದ್ದ ಹೂಂ ಅದು. ನಾನು ನಡುಗುತ್ತ ಅಂದೆ: "ಏ, ಏನ ಬ್ಯಾಡವ್ವಾ. ನನಗೆಲ್ಲಿ ಚಳಿ." ಅವಳು ನಂಬಿದಳು. ಚುರುಕಾದವರು ಬೇಗ ನಂಬುತ್ತಾರೆ. ಪೇಟೆಗೆ ಹೋಗಿ ಬೆಳ್ಳಿಗೆ ಹೊಸ ಬಕೀಟು ತಂದಳು.

ಅದಕ್ಕೆ ಇದನ್ನು ಬರೆದದ್ದು. ನನಗೆ ಚಳಿಯಾಗುತ್ತದೆ. ಶಾಲು ಬೇಕು. ಬೂದಿ ಬಣ್ಣದ್ದು ಬೇಡ, ಹಸಿರು ಇದ್ದರೆ ನೋಡಿರಿ. ತರದಿದ್ದರೂ ನಡೆಯುತ್ತದೆ ಎಂದು ಬರೆಯಲು ಕೈ ತಾನಾಗಿ ಮುಂದೆ ಹೋಗುತ್ತಿದೆ, ಪೆನ್ನನ್ನು ಬಿಗಿ ಹಿಡಿದು ನಿಲ್ಲಿಸಿದ್ದೇನೆ. ನಾಳೆ ನೀವು ಇದನ್ನು ಓದಿ ಬಂದು ಕೇಳಿದರೆ ನಾನು ಮತ್ತೆ ಬೇಡವೆಂದೇ ಅನ್ನುತ್ತೇನೆ, ಅದನ್ನು ಕಿವಿಗೆ ಹಾಕಿಕೊಳ್ಳಬೇಡಿರಿ. ಈ ಹಾಳೆಗಳನ್ನು ಮಾತ್ರ ಎಲ್ಲಿಯೂ ಕಳೆಯದಂತೆ ಇಟ್ಟುಕೊಳ್ಳಿರಿ. ನಾನು ಸುಳ್ಳು ಹೇಳುವಾಗ ತೆಗೆದು ನನಗೇ ತೋರಿಸಲು ಬೇಕಾಗುತ್ತವೆ.